ಎತ್ತರಿಸಿದ ಜೀಪಿಗೆ ಮುಂಗಡ ಕೊಡುವ ಮುನ್ನ

ಚಂದ್ರಗುತ್ತಿ ಹೋಬಳಿಯಲ್ಲಿ ಹಳೇ ಜೀಪು ಕೊಳ್ಳಹೊರಟ ತಮ್ಮನಿಗೆ,

ನಿನ್ನ ಹೆಸರು ಹಿಡಿದು ಬರೆಯುತ್ತಿಲ್ಲ. ಹೆಸರು ಬರೆದರೆ ಅದು ನಿನ್ನ ಮನೆಯ ವಿಷಯವಾಗಿಬಿಡುತ್ತದೆ, ಮಿಕ್ಕವರು ಓದುವುದಿಲ್ಲ. ಸೊರಬದಿಂದ ಚಂದ್ರಗುತ್ತಿಗೆ ಬರುವ ರಸ್ತೆಯ ಊರುಗಳಲ್ಲಿ, ಉಳವಿ, ಜಡೆ, ಆನವಟ್ಟಿ ಕಡೆಯಲ್ಲಿ, ಆಚೆ ಶಿಕಾರಿಪುರ ತಾಲ್ಲೂಕಿನ ಶಿರಾಳಕೊಪ್ಪದ ಸುತ್ತಮುತ್ತ, ಅಡಿಕೆಯೋ ಶುಂಠಿಯೋ ಕೈ ಹಿಡಿದ ವರ್ಷ ಜೀಪಿನ ಆಸೆ ಹುಟ್ಟಿದ ಹುಡುಗರು ಬಹಳ ಮಂದಿ ಇದ್ದೀರಿ. ನಿಮ್ಮೆಲ್ಲರ ಫೋನಿನಲ್ಲೂ ಹೆಚ್ಚುಕಡಿಮೆ ಒಂದೇ ಚಿತ್ರ. ನೆಲದಿಂದ ಎತ್ತರಿಸಿದ ಜೀಪು, ಎದೆಮಟ್ಟಕ್ಕೆ ಬರುವ ಟೈರು, ಮುಂದೆ ದಪ್ಪ ಕಬ್ಬಿಣದ ಬಂಪರು, ಅದರ ಮೇಲೆ ವಿಂಚು, ತಲೆಯ ಮೇಲೆ ಸಾಲು ದೀಪ, ಬಾನೆಟ್ಟಿನ ಪಕ್ಕದಿಂದ ಮೇಲೇರಿದ ಸ್ನಾರ್ಕೆಲ್ ಕೊಳವೆ. ಕೆಳಗೆ 'ಫುಲ್ ಮಾಡಿಫೈಡ್, ತಗೊಂಡು ಓಡಿಸೋದಷ್ಟೇ' ಎಂಬ ಒಕ್ಕಣೆ. ಬೆಲೆಯ ಮುಂದೆ 'ಮಾಡಿಫಿಕೇಶನ್‌ಗೇ ಇಷ್ಟು ಖರ್ಚಾಗಿದೆ' ಎಂಬ ಲೆಕ್ಕ.

ಆ ಲೆಕ್ಕ ತಪ್ಪು ಎಂದು ಹೇಳಲಿಕ್ಕೇ ಈ ಪತ್ರ. ಆ ಖರ್ಚು ಮಾರುವವನ ಸಂತೋಷಕ್ಕೆ ಆದದ್ದು. ಅದನ್ನು ನೀನು ತುಂಬಿಕೊಡಬೇಕಾಗಿಲ್ಲ. ನಿನ್ನ ಪಾಲಿಗೆ ಬರುವುದು ಅವನು ಕೊಯ್ದದ್ದು, ಬೆಸೆದದ್ದು, ತಿರುಚಿದ್ದು. ಇವುಗಳಲ್ಲಿ ಯಾವುದನ್ನು ಯಾರು, ಯಾವಾಗ, ಯಾವ ಅಳತೆಗೆ ಮಾಡಿದರು ಎಂಬ ಚೀಟಿ ಒಂದೂ ಇರುವುದಿಲ್ಲ. ನಾಳೆ ಅದಕ್ಕೆ ಉತ್ತರ ಕೊಡಬೇಕಾದವನು ಮಾತ್ರ ನೀನು.

ಜೀಪಿನ ಮೇಲೆ ನನಗೇನೂ ಕೋಪವಿಲ್ಲ. ನಮ್ಮ ಸೀಮೆಗೆ ಜೀಪು ಶೋಕಿಯ ಗಾಡಿಯಾಗಿ ಬಂದದ್ದಲ್ಲ. ಸ್ವಾತಂತ್ರ್ಯ ಬಂದ ಹೊತ್ತಿನಲ್ಲಿ ಮಹೀಂದ್ರ ಕಂಪನಿ ಅಮೆರಿಕದ ವಿಲ್ಲೀಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸತೊಡಗಿತು. ಆಮೇಲಿನ ದಶಕಗಳಲ್ಲಿ ಅದೇ ವಂಶದ ಗಾಡಿಗಳು ಮಲೆನಾಡಿನ ಮೂಲೆಮೂಲೆಗೂ ಬಂದವು. ಪೂಜೋ ಡೀಸೆಲ್ ಎಂಜಿನ್ನಿನ, 2112 ಸಿಸಿಯ ಎಂಎಂ 540 ಎಂದರೆ ಇಂದಿಗೂ ಹಿರಿಯ ಡ್ರೈವರುಗಳ ಮುಖ ಅರಳುತ್ತದೆ. ದಣಪೆ ದಾಟಿ ತೋಟಕ್ಕಿಳಿಯುವ ದಾರಿಯಲ್ಲಿ ಕೊನೆ ಹೇರಿಕೊಂಡು ಬಂದದ್ದು, ಮಳೆಗಾಲದಲ್ಲಿ ಬಸ್ಸು ನಿಂತುಹೋದ ಊರಿಂದ ಬಸುರಿಯನ್ನು ಸಾಗರದ ಆಸ್ಪತ್ರೆಗೆ ಮುಟ್ಟಿಸಿದ್ದು, ಮದುವೆಮನೆಗೆ ಪಾತ್ರೆ ಸಾಗಿಸಿದ್ದು ಎಲ್ಲ ಈ ಗಾಡಿಯೇ. ಅಡ್ಡ ಗೇರು ಹಾಕಿ ಲೋ ಗೇರಿನಲ್ಲಿ ಬಿಟ್ಟರೆ ಜೂನ್-ಜುಲೈಯ ಕೆಸರಿನಲ್ಲಿ ಅದು ತೆವಳಿಕೊಂಡು ಮೇಲೇರುತ್ತಿತ್ತು. ಒಂದು ಮಾತು ಗಮನಿಸು. ಆ ಕೆಲಸವನ್ನೆಲ್ಲ ಅದು ಕಂಪನಿ ಕೊಟ್ಟ ಸಣ್ಣ ಟೈರಿನಲ್ಲಿ, ಕಂಪನಿ ಕೊಟ್ಟ ಎತ್ತರದಲ್ಲೇ ಮಾಡಿತು. ಹಗುರವಾಗಿತ್ತು, ಗೇರಿನ ಲೆಕ್ಕ ಸರಿಯಾಗಿತ್ತು, ಆದ್ದರಿಂದ ಮಾಡಿತು.

ಟೈರಿನಿಂದ ಶುರುಮಾಡುತ್ತೇನೆ, ಯಾಕೆಂದರೆ ನಿನ್ನ ಕಣ್ಣು ಮೊದಲು ಹೋದದ್ದು ಅಲ್ಲಿಗೇ. 2010ರಲ್ಲಿ ಬಂದ ಥಾರ್ ಸಿಆರ್‌ಡಿಇಗೆ ಕಂಪನಿ ಕೊಟ್ಟದ್ದು 235/70 ಆರ್ 16 ಟೈರು. ಅದರ ಪೂರ್ತಿ ಎತ್ತರ ಸುಮಾರು 735 ಮಿಲಿಮೀಟರ್. ಜನ ಆಸೆಪಟ್ಟು ಹಾಕಿಸುವ 31 ಇಂಚಿನ ಟೈರು ಸುಮಾರು 787 ಮಿಲಿಮೀಟರ್. ವ್ಯತ್ಯಾಸ ಶೇ 7. ಕೇಳಲು ಚಿಕ್ಕದು. ಆದರೆ ಆ ಶೇ 7 ಎಲ್ಲೆಲ್ಲಿ ಕೈಹಾಕುತ್ತದೆ ನೋಡು. ಮೀಟರು 60 ತೋರಿಸುವಾಗ ನೀನು 64ರಲ್ಲಿ ಇರುತ್ತೀಯ. ಮೀಟರಿನಲ್ಲಿ 50 ಸಾವಿರ ಕಿಲೋಮೀಟರ್ ಇದ್ದರೆ ಗಾಡಿ ಓಡಿರುವುದು 53 ಸಾವಿರಕ್ಕೂ ಹೆಚ್ಚು. ಡ್ರಮ್ಮು, ಡಿಸ್ಕು, ಪಂಪು ಹಳೆಯವೇ ಇದ್ದರೆ ಪೆಡಲ್ ಅಷ್ಟೇ ಒತ್ತಿದಾಗ ನೆಲದ ಮೇಲೆ ಸಿಗುವ ಹಿಡಿತ ಸುಮಾರು ಅಷ್ಟೇ ಪ್ರಮಾಣದಲ್ಲಿ ಕಡಿಮೆ. ಟೈರು, ರಿಮ್ಮು ಎರಡೂ ಭಾರವಾಗಿರುವುದರಿಂದ ತಿರುಗುವ ಚಕ್ರವನ್ನು ನಿಲ್ಲಿಸುವ ಹೊರೆ ಬೇರೆ. ಎಂಜಿನ್ನಿಗೂ ಕ್ರೌನಿಗೂ ಅರೆ ಗೇರು ಎತ್ತರವಾದಂತಾಗಿ, ಲೋಡು ಹೇರಿ ಏರು ಹತ್ತುವಾಗ ಕ್ಲಚ್ಚು ಸುಡುತ್ತದೆ. ಕೆಸರು ದಾಟಲಿ ಎಂದು ಹಾಕಿದ ಟೈರು ಕೆಸರಿನಲ್ಲೇ ಗಾಡಿಯ ಬಲ ಕಳೆಯುತ್ತದೆ. ಗೇರಿನ ಲೆಕ್ಕವನ್ನೂ ಬ್ರೇಕನ್ನೂ ಅದಕ್ಕೆ ತಕ್ಕಂತೆ ಬದಲಿಸಿದವರು ಇದ್ದಾರೆ. ಆದರೆ ಮಾರಾಟಕ್ಕೆ ಬಂದ ಗಾಡಿಗಳಲ್ಲಿ ಟೈರು ಬದಲಿಸಿದವರೇ ಹೆಚ್ಚು, ಬ್ರೇಕು ಬದಲಿಸಿದವರು ಕಡಿಮೆ. ಟೈರು ಕಣ್ಣಿಗೆ ಕಾಣುತ್ತದೆ, ಬ್ರೇಕು ಕಾಣುವುದಿಲ್ಲ. ಸಿದ್ದಾಪುರ ದಾಟಿ ಕುಮಟಾ ಕಡೆಗೆ ಘಟ್ಟ ಇಳಿಯುವಾಗ, ಹಿಂದೆ ಎಂಟು ಜನ ಕೂತಿರುವಾಗ, ಎದುರು ತಿರುವಿನಲ್ಲಿ ಲಾರಿ ಬಂದಾಗ ಈ ಶೇ 7 ಏನೆಂದು ತಿಳಿಯುತ್ತದೆ.

ಇನ್ನು ಎತ್ತರ. ಜೀಪನ್ನು ಎತ್ತರಿಸಲು ಹಲವು ದಾರಿಗಳಿವೆ. ಅವುಗಳಲ್ಲಿ ಅಗ್ಗವಾದದ್ದೇ ನಮ್ಮ ಕಡೆ ಹೆಚ್ಚು ಸಿಗುತ್ತದೆ. ಲೀಫ್ ಸ್ಪ್ರಿಂಗ್‌ನ ಗಾಡಿಗೆ ಉದ್ದದ ಶಕಲ್ ಹಾಕುವುದು, ಪ್ಲೇಟು ಸೇರಿಸುವುದು ಅಥವಾ ಹೌಸಿಂಗ್‌ನ ಕೆಳಗಿದ್ದ ಸ್ಪ್ರಿಂಗನ್ನು ಮೇಲಕ್ಕೆ ತಂದು ಬೆಸುಗೆ ಹಾಕುವುದು. ಮುಂದೆ ಟಾರ್ಷನ್ ಬಾರ್ ಇರುವ ಹಳೇ ಥಾರಿನಲ್ಲಿ ಬೋಲ್ಟು ಬಿಗಿಮಾಡಿದರೆ ಸಾಕು, ಮುಂಭಾಗ ಮೇಲೇಳುತ್ತದೆ, ಕಾಸಿನ ಖರ್ಚೂ ಇಲ್ಲ. ಆಮೇಲೆ ಚಕ್ರ ಹೊಂಡಕ್ಕೆ ಇಳಿಯಬೇಕಾದಾಗ ಇಳಿಯಲು ಜಾಗವಿರುವುದಿಲ್ಲ. ಡ್ರೈವ್ ಶಾಫ್ಟಿನ ರಬ್ಬರ್ ಬೂಟು ಹರಿಯುತ್ತದೆ, ಒಳಗೆ ಮಣ್ಣು ಸೇರುತ್ತದೆ, ಜಾಯಿಂಟು ಕಡಕಡ ಎನ್ನತೊಡಗುತ್ತದೆ. ಪ್ರೊಪೆಲ್ಲರ್ ಶಾಫ್ಟು ಗೇರುಬಾಕ್ಸಿನಿಂದ ಹೌಸಿಂಗಿಗೆ ಇಳಿಯುವ ಓರೆ ಹೆಚ್ಚಾಗಿ ಕ್ರಾಸುಗಳು ಬೇಗ ಸವೆಯುತ್ತವೆ. ಸ್ಟೇರಿಂಗ್‌ನ ರಾಡು ಓರೆಯಾದ್ದರಿಂದ ಹೊಂಡಕ್ಕೆ ಬಿದ್ದಾಗಲೆಲ್ಲ ಗಾಡಿ ತಾನಾಗಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಬ್ರೇಕ್ ಹೋಸ್‌ನ ಉದ್ದ ಮೊದಲಿನದ್ದೇ ಇದ್ದರೆ, ಚಕ್ರ ಪೂರ್ತಿ ಕೆಳಗಿಳಿದಾಗ ಅದು ಬಿಗಿಯಾಗಿ ಎಳೆದುಕೊಳ್ಳುತ್ತದೆ. ತುಂಡಾದ ದಿನ ಪೆಡಲ್ ನೆಲಕ್ಕೆ ಹೋಗುತ್ತದೆ.

ಇದನ್ನು ನೋಡಿ ತಿಳಿದುಕೊಳ್ಳಲು ನೀನು ಮೆಕ್ಯಾನಿಕ್ ಆಗಬೇಕಿಲ್ಲ. ಗಾಡಿಯನ್ನು ಗ್ಯಾರೇಜಿನ ಗುಂಡಿಯ ಮೇಲೆ ನಿಲ್ಲಿಸಲು ಹೇಳು. ಮಾರುವವನ ಮೆಕ್ಯಾನಿಕ್ ಬೇಡ, ನಿನಗೆ ಗುರುತಿರುವವನನ್ನು ಕರೆದುಕೊಂಡು ಹೋಗು. ಟಾರ್ಚು ಹಿಡಿದು ಚಾಸಿಯನ್ನು ಮುಂದಿನಿಂದ ಹಿಂದಿನವರೆಗೆ ನೋಡು. ಸ್ಪ್ರಿಂಗ್ ಹ್ಯಾಂಗರುಗಳ ಹತ್ತಿರ, ಬಾಡಿ ಕೂರುವ ಬ್ರಾಕೆಟ್ಟುಗಳ ಹತ್ತಿರ ಹೊಸ ಕಪ್ಪು ಬಣ್ಣ ಬಳಿದಿದ್ದರೆ ಅಲ್ಲೇ ಅನುಮಾನ ಪಡು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿನೋಡು. ನಮ್ಮ ಮಳೆ ಕಬ್ಬಿಣವನ್ನು ಒಳಗಿನಿಂದ ತಿನ್ನುತ್ತದೆ. ಕರಾವಳಿಯಲ್ಲಿ ಓಡಿದ ಗಾಡಿಯಾದರೆ ಉಪ್ಪುಗಾಳಿ ಇನ್ನೂ ಬೇಗ ತಿಂದಿರುತ್ತದೆ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ತುಕ್ಕು ತಿಂದು ತಗಡು ಬೆಸೆದದ್ದು ಹಾಗೆನ್ನುವುದಿಲ್ಲ. ಎಂಜಿನ್ ತಣ್ಣಗಿರುವಾಗಲೇ ಹೋಗು, ಬೆಳಿಗ್ಗೆಯೇ ಹೋಗು. ನೀನು ಬರುವ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಇಟ್ಟಿದ್ದರೆ ಕಾರಣ ಕೇಳು. ಓಡಿಸುವಾಗ ಟಾರ್ ರಸ್ತೆಯಲ್ಲಷ್ಟೇ ಸುತ್ತಾಡಿ ಬರಬೇಡ. ಫೋರ್‌ವೀಲಿಗೆ ಹಾಕಿ ಮಣ್ಣಿನ ಏರಿನಲ್ಲಿ ಹತ್ತಿಸು, ಲೋ ಗೇರಿನಲ್ಲಿ ಇಳಿಸು. ಹೊರಗೆ ಇಷ್ಟೆಲ್ಲ ಸಿಂಗಾರ ಮಾಡಿದ ಗಾಡಿಯ ಮುಂದಿನ ಹೌಸಿಂಗ್ ಕೆಲಸವನ್ನೇ ಮಾಡದೆ, ಫೋರ್‌ವೀಲ್ ಲಿವರು ಹೆಸರಿಗಷ್ಟೇ ಇರುವುದೂ ಉಂಟು.

ಮಿಕ್ಕ ಸಾಮಾನುಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ವಿಂಚು ಮತ್ತು ಕಬ್ಬಿಣದ ಬಂಪರು ಸೇರಿದರೆ ಒಂದು ಕ್ವಿಂಟಾಲಿನ ಹತ್ತಿರ ತೂಗುತ್ತವೆ. ಮುಂದಿನ ಅಚ್ಚಿನ ಮೇಲೆ ಹಗಲೂ ರಾತ್ರಿ ಇಬ್ಬರು ಆಳು ಇಳಿಯದೆ ಕೂತಂತೆ. ಸಾಲು ದೀಪಕ್ಕೆ ರಿಲೇ, ಫ್ಯೂಸು ಇಲ್ಲದೆ ಎಲ್ಲಿಂದಲೋ ವೈರು ಕೊಯ್ದು ಟೇಪು ಸುತ್ತಿದ್ದರೆ ಅದು ಬೆಂಕಿಗೆ ದಾರಿ. ಸ್ನಾರ್ಕೆಲ್ ಇದ್ದರೆ ವರದಾ ನದಿಯ ನೆರೆ ನೀರಿಗೆ ಇಳಿಸಬಹುದೆಂದು ಭಾವಿಸಬೇಡ. ಕೊಳವೆಯ ಒಂದೇ ಒಂದು ಜೋಡಣೆ ಸಡಿಲವಿದ್ದರೂ ಗಾಳಿಯ ಬದಲು ನೀರು ಒಳಗೆ ಹೋಗುತ್ತದೆ. ನೀರು ಗಾಳಿಯಂತೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡು ಬಾಗುತ್ತದೆ, ಎಂಜಿನ್ ಅಲ್ಲಿಗೆ ಮುಗಿಯಿತು. ಕೊಳವೆ ನಿಜವಾಗಿ ಎಂಜಿನ್ನಿಗೆ ಸೇರಿದೆಯೋ, ಬಾಡಿಗೆ ಸ್ಕ್ರೂ ಹೊಡೆದು ಅಂದಕ್ಕೆ ನಿಲ್ಲಿಸಿದ್ದೋ ಎಂದು ಬಾನೆಟ್ ಎತ್ತಿ ನೋಡು.

2020ರ ನಂತರದ ಥಾರ್ ಸೆಕೆಂಡ್ ಹ್ಯಾಂಡ್ ಸಿಗುತ್ತಿದೆ, ಅದೇ ಬೇಕು ಎನ್ನುವವರಿಗೆ ಒಂದು ಮಾತು. ಆ ಗಾಡಿಗೆ 2020ರ ನವೆಂಬರಿನಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ದೊಡ್ಡವರಿಗೂ ಮಕ್ಕಳಿಗೂ ನಾಲ್ಕು ನಕ್ಷತ್ರ ಸಿಕ್ಕಿತು. ಆ ನಕ್ಷತ್ರ ಸಿಕ್ಕಿದ್ದು ಕಂಪನಿ ಕೊಟ್ಟ ಬಂಪರಿಗೆ, ಕಂಪನಿ ಕೊಟ್ಟ ಎತ್ತರಕ್ಕೆ, ತನ್ನ ಜಾಗದಲ್ಲಿದ್ದ ಏರ್‌ಬ್ಯಾಗ್ ಸೆನ್ಸರಿಗೆ. ಮುಂದೆ ಕಬ್ಬಿಣದ ಗೂಟ ಕಟ್ಟಿದ ಗಾಡಿಯನ್ನು ಅಲ್ಲಿ ಯಾರೂ ಪರೀಕ್ಷಿಸಿಲ್ಲ.

ಈಗ ಇಂಥ ಗಾಡಿ ಎಲ್ಲಿಂದ ಬರುತ್ತದೆ ಎಂಬುದನ್ನು ಕೇಳು. ಕೆಲವು ನಮ್ಮ ಜಿಲ್ಲೆಯವೇ, ಕೆಎ 14, ಕೆಎ 15 ನಂಬರಿನವು. ಅವುಗಳ ಚರಿತ್ರೆ ಕೇಳಿ ತಿಳಿಯಬಹುದು, ಯಾರ ಮನೆಯಲ್ಲಿತ್ತು, ಯಾವ ಗ್ಯಾರೇಜಿನಲ್ಲಿ ಕೆಲಸವಾಯಿತು ಎಂದು ಊರೇ ಹೇಳುತ್ತದೆ. ದೂರದಿಂದ ಬಂದವು ಹಾಗಲ್ಲ. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತು, 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಅಂಥ ಗಾಡಿಗಳು ಅಗ್ಗದ ಬೆಲೆಗೆ ಬೇರೆ ರಾಜ್ಯಗಳಿಗೆ ಹರಿದವು. ಹರಿಯಾಣ-ಪಂಜಾಬ್ ಗಡಿಯ ಮಂಡಿ ಡಬ್ವಾಲಿ ಹಳೇ ಜೀಪುಗಳಿಗೆ ಹೊಸ ಬಾಡಿ ಕಟ್ಟುವುದಕ್ಕೆ ದೇಶಕ್ಕೆಲ್ಲ ಹೆಸರಾದ ಊರು. ಸೈನ್ಯದ ಹರಾಜಿನಲ್ಲಿ ಬಂದ ಜೀಪು, ಜಿಪ್ಸಿಗಳೂ ಇವೆ. ಕೆಲಸ ಚೆನ್ನಾಗಿರಬಹುದು, ಅಲ್ಲಿನ ಕೈಗಳಿಗೆ ಕಸುಬು ಗೊತ್ತು. ಆದರೆ ಒಂದು ಗಾಡಿಯ ಚಾಸಿ, ಇನ್ನೊಂದರ ಎಂಜಿನ್, ಮತ್ತೊಂದರ ಕಾಗದ ಸೇರಿ ಒಂದು ಜೀಪಾಗಿದ್ದರೆ ಆ ಕಾಗದ ನಿನ್ನ ಕೈಯಲ್ಲಿ ಉಳಿಯುವುದಿಲ್ಲ. ಚಾಸಿ ನಂಬರನ್ನು ಕಣ್ಣಿಂದ ನೋಡಿ ತೃಪ್ತಿಪಡಬೇಡ. ಅದರ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆ, ಸಾರಿಗೆ ಕಚೇರಿಯವರೂ ಹಾಗೆಯೇ ತೆಗೆಯುವುದು. ಅಕ್ಷರಗಳ ಆಳ, ಅಂತರ ಒಂದೇ ಸಮ ಇದೆಯೋ, ಸುತ್ತ ಗ್ರೈಂಡಿಂಗ್ ಗೆರೆ ಇದೆಯೋ ನೋಡು. ಎಂಜಿನ್ ನಂಬರನ್ನೂ ಆರ್‌ಸಿಯ ಜೊತೆ ಇಟ್ಟು ಒಂದೊಂದೇ ಅಕ್ಷರ ಓದು. ಎಂಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರು ಹಾಕಿದರೆ ಆರ್‌ಸಿಯ ಅವಧಿ, ಇನ್ಶೂರೆನ್ಸು, ಸಾಲದ ಬಾಬ್ತು ಕಾಣುತ್ತವೆ. ಸಾಲವಿದ್ದರೆ ಸಾಲ ಕೊಟ್ಟವರ ಒಪ್ಪಿಗೆಯ ಸಹಿ ಬಿದ್ದ ಫಾರಂ 35 ಬರುವವರೆಗೆ ಒಂದು ರೂಪಾಯಿಯನ್ನೂ ಬಿಚ್ಚಬೇಡ. ಹೊರರಾಜ್ಯದ್ದಾದರೆ ಅಲ್ಲಿನ ಕಚೇರಿಯ ಎನ್‌ಒಸಿ ಬೇಕು, ಇಲ್ಲಿ ಹೊಸ ನಂಬರು ಬೇಕು, ಕರ್ನಾಟಕದ ಆಜೀವ ತೆರಿಗೆ ಕಟ್ಟಬೇಕು. ಅಗ್ಗ ಎಂದು ತಂದ ಗಾಡಿ ಅಲ್ಲಿಗೆ ಅಗ್ಗವಾಗಿ ಉಳಿಯುವುದಿಲ್ಲ.

'ಎಲ್ಲರೂ ಓಡಿಸ್ತಾರಲ್ಲ, ಯಾರು ಹಿಡೀತಾರೆ' ಎಂದು ನೀನು ಕೇಳುವುದು ನನಗೆ ಗೊತ್ತು. ಹಿಡಿಯುವುದು ಬಿಡುವುದು ಬೇರೆ ಮಾತು, ಕಾನೂನು ಏನೆಂದು ಮೊದಲು ತಿಳಿದುಕೊ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಪ್ರಕಾರ, ತಯಾರಕರು ಮೊದಲು ನಮೂದಿಸಿದ ವಿವರಕ್ಕೂ ಆರ್‌ಸಿಯ ವಿವರಕ್ಕೂ ತಾಳೆ ತಪ್ಪುವಂತೆ ಯಾವ ಮಾಲೀಕನೂ ಗಾಡಿಯನ್ನು ಬದಲಿಸುವಂತಿಲ್ಲ. ಕೇರಳದ ಒಂದು ಪ್ರಕರಣದಲ್ಲಿ ಅಲ್ಲಿನ ಹೈಕೋರ್ಟು ಬದಲಾವಣೆಗೆ ಅವಕಾಶ ಕೊಟ್ಟಿತ್ತು. 2019ರ ಜನವರಿ 9ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿ, ಗಾಡಿಯ ಮೂಲ ರಚನೆಯನ್ನು ಮಾಲೀಕನ ಇಷ್ಟದಂತೆ ಬದಲಿಸಲು ಬರುವುದಿಲ್ಲ ಎಂದಿತು. ಅದೇ ವರ್ಷದ ತಿದ್ದುಪಡಿಯಿಂದ ಕಾಯ್ದೆಗೆ ಸೇರಿದ 182ಎ ಸೆಕ್ಷನ್ನಿನಲ್ಲಿ ಇಂಥ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು ಅಥವಾ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಎರಡೂ. ಒಂದೊಂದು ಬದಲಾವಣೆಗೆ ಎಂಬ ಮಾತನ್ನು ಎರಡು ಸಲ ಓದು. ಮುಂದಿನ ಕಬ್ಬಿಣದ ಗಾರ್ಡನ್ನು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ಬೇಡವೆಂದು ರಾಜ್ಯಗಳಿಗೆ ಬರೆದಿದೆ. ಎಂಜಿನ್ ಬದಲಾಗಿದ್ದರೆ ನೋಂದಣಿ ಕಚೇರಿಯ ಒಪ್ಪಿಗೆ ಬೇಕು, ಹೊಸ ಎಂಜಿನ್ ನಂಬರು ಆರ್‌ಸಿಯಲ್ಲಿ ಬಂದಿರಬೇಕು. ಸ್ವಂತ ಬಳಕೆಯ ಗಾಡಿಗೆ 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ಆರ್‌ಸಿ ನವೀಕರಿಸಬೇಕು. ಮಾರುವವನು 'ಇನ್ನೂ ಎರಡು ವರ್ಷ ಇದೆಯಲ್ಲ' ಎನ್ನುತ್ತಾನೆ. ಎರಡು ವರ್ಷದ ನಂತರ ಆ ಇನ್‌ಸ್ಪೆಕ್ಟರ್ ಮುಂದೆ ಗಾಡಿ ನಿಲ್ಲಿಸುವವನು ಅವನಲ್ಲ.

ಕಾನೂನಿನ ಭಯದಿಂದ ಇಷ್ಟು ಬರೆಯುತ್ತಿಲ್ಲ, ತಮ್ಮಾ. ನನ್ನ ಕಳವಳ ರಸ್ತೆಯಲ್ಲಿ ನಡೆದು ಹೋಗುವವರದ್ದು. ರೇಣುಕಾಂಬೆಯ ಜಾತ್ರೆಗೆ ಮಲೆನಾಡಿನಿಂದಲೂ ಬಯಲುಸೀಮೆಯಿಂದಲೂ ಬರುವ ಜನ ಚಂದ್ರಗುತ್ತಿಯ ಆ ಕಿರಿದಾದ ರಸ್ತೆಯಲ್ಲಿ ಮಕ್ಕಳನ್ನು ಕೈಹಿಡಿದುಕೊಂಡು ಗುಡ್ಡದ ಕಡೆಗೆ ನಡೆಯುತ್ತಾರೆ. ಎತ್ತರಿಸಿದ ಜೀಪಿನ ಸೀಟಿನಲ್ಲಿ ಕೂತವನಿಗೆ ಬಾನೆಟ್ಟಿನ ಮುಂದೆ ನಿಂತ ಐದು ವರ್ಷದ ಮಗು ಕಾಣುವುದಿಲ್ಲ. ಬಂಪರಿನ ಮಟ್ಟ ದೊಡ್ಡವರ ಮೊಣಕಾಲಿಗೆ ಬರುವ ಬದಲು ತೊಡೆಗೆ, ಮಗುವಿನ ತಲೆಗೆ ಬರುತ್ತದೆ. ಕಂಪನಿಯ ಪ್ಲಾಸ್ಟಿಕ್ ಬಂಪರು ಒಡೆದು ಏಟನ್ನು ಸ್ವಲ್ಪವಾದರೂ ನುಂಗುತ್ತದೆ, ಕಬ್ಬಿಣ ನುಂಗುವುದಿಲ್ಲ. ಈ ಜಾಗದಲ್ಲಿ ನನಗೆ ರಾಜಿಯಿಲ್ಲ. ಮಿಕ್ಕ ಬದಲಾವಣೆಗಳಲ್ಲಿ ಒಂದೆರಡನ್ನು ಸರಿಪಡಿಸಿ ಇಟ್ಟುಕೊಳ್ಳಬಹುದೇನೋ, ಆ ಗಾರ್ಡನ್ನು ಮಾತ್ರ ಮೊದಲ ದಿನವೇ ಬಿಚ್ಚಿ ಗುಜರಿಗೆ ಹಾಕು.

ಆಮೇಲೆ ಇನ್ಶೂರೆನ್ಸು. ಗಾಡಿಗೆ ಮಾಡಿದ ಬದಲಾವಣೆಯನ್ನು ಕಂಪನಿಗೆ ತಿಳಿಸದಿದ್ದರೆ, ಕ್ಲೇಮಿನ ದಿನ ಅವರ ಸರ್ವೇಯರ್ ಮೊದಲು ಬರೆದುಕೊಳ್ಳುವುದು ಅದನ್ನೇ. ನಿನ್ನ ಜೀಪಿನ ರಿಪೇರಿ ಹಣ ಹೋದರೆ ಹೋಗಲಿ. ಏಟು ತಿಂದವರ ಮನೆಗೆ ಸೇರಬೇಕಾದ ಪರಿಹಾರ ಈ ತಕರಾರಿನಲ್ಲಿ ವರ್ಷಗಟ್ಟಲೆ ಸಿಕ್ಕಿಕೊಳ್ಳಬಹುದು. 'ಸೀಸನ್ನಿನಲ್ಲಿ ಕೊಡಚಾದ್ರಿ ಕಡೆ ಟೂರಿಸ್ಟರನ್ನು ಹತ್ತಿಸಿ ಸಾಲ ತೀರಿಸ್ತೀನಿ' ಎಂಬ ಯೋಚನೆಯೂ ನಿಮ್ಮಲ್ಲಿ ಕೆಲವರಿಗಿದೆ. ಬಿಳಿ ಬೋರ್ಡಿನ ಗಾಡಿಯಲ್ಲಿ ಬಾಡಿಗೆಗೆ ಜನ ಹೇರಲು ಪರ್ಮಿಟ್ ಇಲ್ಲ. ಹೇರಿಕೊಂಡು ಹೋಗಿ ಮಗುಚಿದರೆ ಅವರ ಪಾಲಿಗೆ ನಿನ್ನ ಪಾಲಿಸಿಯೂ ಇಲ್ಲದಂತೆಯೇ. ಅವರು ನಿನ್ನನ್ನು ನಂಬಿ ಹತ್ತಿದವರು.

ಹೆಸರು ವರ್ಗಾವಣೆ ಎಲ್ಲಕ್ಕಿಂತ ಮುಖ್ಯ, ಆದರೆ ಎಲ್ಲರೂ ಮುಂದೂಡುವುದು ಅದನ್ನೇ. ನಮ್ಮ ಕಡೆ ರೂಢಿ ಗೊತ್ತಲ್ಲ. ಖಾಲಿ ಫಾರಂ 29, 30ಕ್ಕೆ ಮಾರುವವನ ಸಹಿ ಹಾಕಿಸಿಕೊಂಡು, ಆರ್‌ಸಿಯ ಜೊತೆ ಡ್ಯಾಶ್‌ಬೋರ್ಡಿನಲ್ಲಿಟ್ಟು, ಹೆಸರು ಬದಲಿಸದೆ ವರ್ಷಗಟ್ಟಲೆ ಓಡಿಸಿ ಮತ್ತೊಬ್ಬನಿಗೆ ಮಾರುವುದು. ಮಾಡಿಫೈ ಮಾಡಿದ ಜೀಪುಗಳಲ್ಲಿ ಇದು ಇನ್ನೂ ಹೆಚ್ಚು, ಯಾಕೆಂದರೆ ಕಚೇರಿಗೆ ಗಾಡಿ ತೋರಿಸಲು ಯಾರಿಗೂ ಧೈರ್ಯವಿರುವುದಿಲ್ಲ. ಸುಪ್ರೀಂ ಕೋರ್ಟು 2018ರ ಫೆಬ್ರುವರಿ 6ರಂದು ತೀರ್ಮಾನಿಸಿದ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಅವರ ಪ್ರಕರಣವನ್ನು ಹೇಳುತ್ತೇನೆ. 2007ರಲ್ಲಿ ಮಾರಿದ ಕಾರು. ಕೈಯಿಂದ ಕೈಗೆ ಹೋಯಿತು, ಆರ್‌ಸಿಯಲ್ಲಿ ಹೆಸರು ಮಾತ್ರ ಮೊದಲಿನವರದ್ದೇ. 2009ರ ಮೇ ತಿಂಗಳಲ್ಲಿ ಆ ಕಾರು ಹಿಮ್ಮುಖವಾಗಿ ಬಂದು ರಸ್ತೆಯಲ್ಲಿ ನಡೆದು ಹೋಗುತ್ತಿದ್ದ ಒಬ್ಬ ಮಹಿಳೆಗೂ ಅವರ ಜೊತೆಯಿದ್ದ ಹುಡುಗನಿಗೂ ಬಡಿಯಿತು. ಹುಡುಗ ತೀರಿಕೊಂಡ. ಪರಿಹಾರ ಕೊಡಬೇಕಾದವರು ಯಾರು ಎಂಬ ಪ್ರಶ್ನೆ ದೆಹಲಿಯವರೆಗೆ ಹೋಯಿತು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅವರೇ ಕೊಡಬೇಕು ಎಂದು ಕೋರ್ಟು ಹೇಳಿತು. ನೊಂದವರು ಮಾರಾಟದ ಸರಪಳಿ ಹಿಡಿದು ಒಬ್ಬೊಬ್ಬರ ಮನೆಬಾಗಿಲಿಗೆ ಅಲೆಯಬೇಕಾಗಿಲ್ಲ ಎಂಬುದು ಅದರ ನ್ಯಾಯ. ಆದರೂ ಅಪಘಾತದಿಂದ ಆ ತೀರ್ಪಿನವರೆಗೆ ಒಂಬತ್ತು ವರ್ಷದ ಹತ್ತಿರ ಹಿಡಿಯಿತು. ನಾಲ್ಕು ಜನ ನಾಲ್ಕು ಸಲ ಮಾಡದೆ ಬಿಟ್ಟ ಒಂದು ಕಾಗದದ ಕೆಲಸಕ್ಕೆ ಅಷ್ಟು ವರ್ಷ.

ಅದಕ್ಕೇ ಹೇಳುತ್ತೇನೆ, ಗಾಡಿ ನಿನ್ನ ಅಂಗಳಕ್ಕೆ ಬರುವ ಮೊದಲು ಹೆಸರು ಬದಲಾವಣೆಯ ಅರ್ಜಿ ಹೋಗಿರಬೇಕು. ಒಂದೇ ರಾಜ್ಯದೊಳಗಾದರೆ ಮಾರುವವನು 14 ದಿನದೊಳಗೆ ಕಚೇರಿಗೆ ತಿಳಿಸಬೇಕು, ಕೊಂಡವನಿಗೆ 30 ದಿನ. ಪಾಲಿಸಿಯೂ 14 ದಿನದೊಳಗೆ ನಿನ್ನ ಹೆಸರಿಗೆ ಬರಲು ಅರ್ಜಿ ಹೋಗಬೇಕು. ಬ್ರೋಕರ್ 'ನಾನು ಮಾಡಿಸಿಕೊಡ್ತೀನಿ, ನೀವು ಗಾಡಿ ತಗೊಂಡು ಹೋಗಿ' ಎಂದರೆ, ಕಮಿಷನ್ನಿನ ಅರ್ಧವನ್ನು ಆರ್‌ಸಿ ನಿನ್ನ ಹೆಸರಿಗೆ ಬಂದ ಮೇಲೆ ಕೊಡುವುದಾಗಿ ಹೇಳು.

ಜೀಪು ಮಾರುವ ಅಣ್ಣಂದಿರಿಗೂ ಎರಡು ಮಾತು. ನೀವು ಬಿಚ್ಚಿಟ್ಟ ಕಂಪನಿಯ ಟೈರು, ಸ್ಪ್ರಿಂಗು, ಬಂಪರು ಕೊಟ್ಟಿಗೆಯ ಮೂಲೆಯಲ್ಲಿದ್ದರೆ ಅವನ್ನು ಗಾಡಿಯ ಜೊತೆಗೇ ಕೊಟ್ಟುಬಿಡಿ. ಏನೇನು ಮಾಡಿಸಿದಿರಿ ಎಂದು ಒಂದು ಹಾಳೆಯಲ್ಲಿ ಬರೆದುಕೊಡಿ. ಮುಚ್ಚಿ ಮಾರಿದ ಗಾಡಿ ನಾಳೆ ನಿಮ್ಮ ತಂಗಿಯ ಮಕ್ಕಳು ಶಾಲೆಗೆ ನಡೆದು ಹೋಗುವ ರಸ್ತೆಯಲ್ಲೇ ಓಡುತ್ತದೆ.

ಸಾರಿಗೆ ಇಲಾಖೆಯವರಲ್ಲಿ ನನ್ನದೊಂದು ವಿನಂತಿಯಿದೆ. ಹಳ್ಳಿಯ ಜೀಪಿನವರಲ್ಲಿ ಹೆಚ್ಚಿನವರು ಕಳ್ಳರಲ್ಲ. ಯಾವುದು ಸರಿ, ಯಾವುದು ತಪ್ಪು ಎಂದು ಹೇಳುವವರಿಲ್ಲದೆ ಕಚೇರಿಗೆ ಹೆದರಿ ದೂರ ನಿಂತವರು. ಅಡಿಕೆ ಕೊಯ್ಲಿಗೆ ಮುಂಚೆ ಸೊರಬದಲ್ಲೂ ಚಂದ್ರಗುತ್ತಿಯಲ್ಲೂ ಒಂದೊಂದು ದಿನ ಕೂತು, ಗಾಡಿಗಳನ್ನು ತರಿಸಿ, ಇದನ್ನು ಬಿಚ್ಚು, ಇದು ಇರಲಿ, ಇಷ್ಟು ದಿನದೊಳಗೆ ಹೆಸರು ಬದಲಿಸು ಎಂದು ಕನ್ನಡದಲ್ಲಿ ಬರೆದುಕೊಡಿ. ದಂಡಕ್ಕಿಂತ ಅದರಿಂದ ಹೆಚ್ಚು ಗಾಡಿಗಳು ಸರಿಯಾಗುತ್ತವೆ ಎಂದು ನನ್ನ ನಂಬಿಕೆ.

ತಮ್ಮಾ, ಕಾಡಿನ ವಿಷಯ ಬಿಟ್ಟುಹೋಗಬಾರದು. ಫೋರ್‌ವೀಲ್ ಇದೆ ಎಂದು ಮೀಸಲು ಅರಣ್ಯದೊಳಗೆ, ಸೊಪ್ಪಿನಬೆಟ್ಟದ ಇಳಿಜಾರಿನಲ್ಲಿ ಚಕ್ರ ಕೊರೆಸಬೇಡ. ಮಳೆಗಾಲದಲ್ಲಿ ಚಕ್ರ ಬಿದ್ದ ಗೆರೆ ಮರುಮಳೆಗೆ ಹಳ್ಳವಾಗುತ್ತದೆ, ಮೇಲ್ಮಣ್ಣು ಕೆಳಗಿನ ಗದ್ದೆಗೆ ಬಂದು ಕೂರುತ್ತದೆ. ಆ ಗದ್ದೆ ನಿನ್ನದೇ ಇರಬಹುದು, ನಿನ್ನ ಚಿಕ್ಕಪ್ಪನದ್ದಿರಬಹುದು.

ಹಾಗಾದರೆ ಏನು ಕೊಳ್ಳಲಿ ಎಂದು ಕೇಳುತ್ತೀಯ. ಸಿಂಗಾರವಿಲ್ಲದ, ಕಂಪನಿಯ ಎತ್ತರದಲ್ಲೇ ಇರುವ, ನಮ್ಮ ಜಿಲ್ಲೆಯ ನಂಬರಿನ, ಆರ್‌ಸಿಗೆ ಇನ್ನೂ ಅವಧಿ ಇರುವ, ಫೋರ್‌ವೀಲ್ ನಿಜವಾಗಿ ಹಿಡಿಯುವ ಹಳೇ ಜೀಪು ಹುಡುಕು. ಬಣ್ಣ ಮಾಸಿದ್ದರೆ ಮಾಸಿರಲಿ, ಹುಡ್ಡು ಹರಿದಿದ್ದರೆ ಹೊಲಿಸಬಹುದು. ಒಳ್ಳೆಯ ಕೆಸರಿನ ಟೈರು ಕಂಪನಿಯ ಅಳತೆಯಲ್ಲೇ ಸಿಗುತ್ತದೆ. ನಮ್ಮ ತೋಟದ ದಾರಿಗೆ, ನಮ್ಮ ಮಳೆಗೆ ಅದು ಸಾಕು, ಇಷ್ಟು ವರ್ಷ ಸಾಕಾಗಿತ್ತು. ಮಾಡಿಫೈ ಆದದ್ದೇ ಮನಸ್ಸಿಗೆ ಹಿಡಿದಿದ್ದರೆ, ಅದನ್ನು ಮತ್ತೆ ಮೊದಲಿನಂತೆ ಮಾಡಲು ಎಷ್ಟು ಬೀಳುತ್ತದೆ ಎಂದು ಮೆಕ್ಯಾನಿಕ್ ಹತ್ತಿರ ಬರೆಸು. ಅಷ್ಟನ್ನು ಬೆಲೆಯಲ್ಲಿ ಕಳೆದು ಮಾತಾಡು. ಮಾರುವವನು ಒಪ್ಪದಿದ್ದರೆ ಗಾಡಿ ಅವನ ಹತ್ತಿರವೇ ಇರಲಿ.

ಇದನ್ನು ಓದಿದವರಲ್ಲಿ ಯಾರ ಮನೆಯ ಅಂಗಳದಲ್ಲಾದರೂ ಇನ್ನೊಬ್ಬರ ಹೆಸರಿನ ಆರ್‌ಸಿ ಇರುವ ಜೀಪು ನಿಂತಿದ್ದರೆ, ಈ ವಾರವೇ ಫಾರಂ 29, 30 ತುಂಬಿ, ಸಹಿ ಹಾಕಿಸಿ, ಸಾಗರದ ಸಾರಿಗೆ ಕಚೇರಿಗೆ ಸಲ್ಲಿಸಿ ಎಂದು ಕೈಮುಗಿದು ಕೇಳುತ್ತೇನೆ.

ಇತಿ,
ನಿಮ್ಮ ಹೋಬಳಿಯವನೇ ಆದ ಒಬ್ಬ ಹಿತೈಷಿ